ಗೋಡೆಗೆ ಬಣ್ಣ ಬಂತು, ಮಾಡಿಗೆ ಹಂಚು ಎಲ್ಲಿ?

ಮಂಗಳೂರು: ಸ್ಟೇಟ್‌ಬ್ಯಾಂಕ್ ನಿಲ್ದಾಣದಲ್ಲಿ ಬಸ್ಸಿಳಿದು ಹಳೆಬಂದರಿನ ಕಡೆ ಕಾಲು ಹಾಕಿದರೆ ಹೆಚ್ಚು ಹೊತ್ತು ಬೇಡ. ಮೊದಲು ಒಣಮೆಣಸಿನ ಘಾಟು, ಆಮೇಲೆ ಕೊಬ್ಬರಿ, ಬೆಲ್ಲ, ಕೊನೆಗೆ ಧಕ್ಕೆಯ ಮೀನು. ಕಣ್ಣು ಮುಚ್ಚಿಕೊಂಡು ಹೋದರೂ ದಾರಿ ತಪ್ಪುವುದಿಲ್ಲ. ಆದರೆ ಕಣ್ಣು ಮುಚ್ಚುವಂತಿಲ್ಲ. ಮುಂದೆ ಕೈಗಾಡಿ, ಹಿಂದೆ ಲಾರಿ, ಪಕ್ಕದಲ್ಲಿ ಮೂಟೆ ಹೊತ್ತ ಹಮಾಲಿ. ಹಾಗಾಗಿ ಇಲ್ಲಿ ನಡೆಯುವವರೆಲ್ಲ ನೆಲ ನೋಡಿಯೇ ನಡೆಯುತ್ತಾರೆ. ತಲೆ ಎತ್ತಿ ಮೇಲೆ ನೋಡುವವರು ಯಾರೂ ಇಲ್ಲ.

ಒಮ್ಮೆ ಎತ್ತಿ ನೋಡಬೇಕು. ಸಾಲು ಸಾಲು ಹಂಚಿನ ಮಾಡು. ಕೆಲವು ಕಡೆ ಹಂಚು ಜಾರಿ ರೀಪು ಕಾಣುತ್ತದೆ. ಕೆಲವು ಕಡೆ ಹಂಚಿನ ಬದಲು ನೀಲಿ ಟರ್ಪಾಲು. ಗೋಡೆಯ ಬಿರುಕಿನಲ್ಲಿ ಅಶ್ವತ್ಥದ ಗಿಡ ಬೇರು ಬಿಟ್ಟು ಕೂತಿದೆ. ಆ ಗಿಡಕ್ಕೆ ನೀರು ಹಾಕಿದವರು ಯಾರೂ ಇಲ್ಲ. ಒಡೆದ ಮಾಡೇ ಹಾಕಿದೆ.

ಅದೇ ಊರಿನ ಇನ್ನೊಂದು ಮುಖ ನೋಡಿ. ಆವರಣದ ಗೋಡೆಗಳ ಮೇಲೆ, ಮೇಲ್ಸೇತುವೆಯ ಕಂಬಗಳ ಮೇಲೆ ಬಣ್ಣವೋ ಬಣ್ಣ. ಯಕ್ಷಗಾನದ ಕಿರೀಟ, ಕಂಬಳದ ಕೋಣ, ಬಾಯಿ ತೆರೆದ ಹುಲಿವೇಷ, ದೋಣಿ ಎಳೆಯುವ ಮೊಗವೀರ. ಬಸ್ಸಿನ ಕಿಟಕಿಯಿಂದ ನೋಡುವವರಿಗೆ ಖುಷಿ. ಪರವೂರಿನವರು ನಿಂತು ಫೋಟೋ ತೆಗೆಯುತ್ತಾರೆ. ಒಳ್ಳೆಯದೇ. ಯಾರೂ ಬೇಡ ಅನ್ನುವುದಿಲ್ಲ.

ಪ್ರಶ್ನೆ ಒಂದೇ. ಹೊಸ ಗೋಡೆಯ ಮೇಲೆ ಹಳೆಯ ಊರಿನ ಚಿತ್ರ ಬರೆಯುವ ಉಮೇದು ನಮಗೆ ಉಂಟು. ಹಳೆಯ ಊರೇ ಬಂದರಿನಲ್ಲಿ ನಿಂತಿದೆಯಲ್ಲ, ಅದರ ಮಾಡಿಗೆ ನಾಲ್ಕು ಹಂಚು ಹೊದಿಸುವ ಉಮೇದು ಯಾಕೆ ಇಲ್ಲ?

ಒಂಬೈನೂರು ವರ್ಷದ ಲೆಕ್ಕದ ಪುಸ್ತಕ

ಬಂದರು ಅಂದರೆ ನಿನ್ನೆ ಮೊನ್ನೆಯ ಪೇಟೆ ಅಲ್ಲ. 12ನೇ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ ಏಡನ್ ಬಂದರಿನಿಂದ ಇಲ್ಲಿಗೆ ಬಂದು ಹದಿನೇಳು ವರ್ಷದ ಹತ್ತಿರ ಅಂಗಡಿ ನಡೆಸಿದ. ಇಲ್ಲಿಂದ ಮೆಣಸು, ಅಡಿಕೆ, ಕಬ್ಬಿಣ ಕಳಿಸಿದ. ಅಲ್ಲಿಂದ ಬರೆಯುವ ಕಾಗದ ತರಿಸಿಕೊಂಡ. ಅವನ ಪರವಾಗಿ ಸಮುದ್ರ ದಾಟಿ ಏಡನ್ನಿಗೆ ಹೋಗಿ ವ್ಯವಹಾರ ಮಾಡಿ ಬಂದವನು ಬೊಮ್ಮ. ಹೆಸರು ಕೇಳಿದರೆ ಸಾಕು, ನಮ್ಮೂರಿನವನೇ. ಅವರ ಕಾಗದ ಪತ್ರಗಳು ಈಜಿಪ್ಟಿನ ಕೈರೋದಲ್ಲಿ ಒಂದು ಯಹೂದಿ ಮಂದಿರದ ಕೋಣೆಯಲ್ಲಿ ಸಿಕ್ಕಿದವು. ಸರಕು ಎಷ್ಟು, ಬಾಕಿ ಎಷ್ಟು, ಯಾರು ಕೊಟ್ಟಿಲ್ಲ ಎಂಬ ವರಾತ ಎಲ್ಲ ಅದರಲ್ಲಿ ಉಂಟು. ಬಂದರಿನ ಮಂಡಿಯಲ್ಲಿ ಇವತ್ತು ಕೇಳುವ ಮಾತಿಗೂ ಅದಕ್ಕೂ ಬಹಳ ವ್ಯತ್ಯಾಸ ಇಲ್ಲ.

14ನೇ ಶತಮಾನದಲ್ಲಿ ಮೊರೊಕ್ಕೋದ ಇಬ್ನ್ ಬತೂತ ಈ ದಾರಿಯಲ್ಲಿ ಹಾದುಹೋದ. 1568ರಲ್ಲಿ ಪೋರ್ಚುಗೀಸರು ಇಲ್ಲಿ ರೊಜಾರಿಯೊ ಇಗರ್ಜಿ ಕಟ್ಟಿದರು. ಬಂದರಿನ ಝೀನತ್ ಬಕ್ಷ್ ಮಸೀದಿಯಂತೂ ಅರಬ್ಬೀ ವ್ಯಾಪಾರಿಗಳ ಮೊದಲ ಕಾಲದ್ದು ಎಂಬುದು ನಂಬಿಕೆ. ಒಳಗಿನ ಮರದ ಕೆತ್ತನೆಯ ಕಂಬಗಳನ್ನು ನೋಡಿದರೆ ಆ ಕಾಲದ ಆಚಾರಿಯ ಉಳಿಗೆ ಕೈ ಮುಗಿಯಬೇಕು ಅನಿಸುತ್ತದೆ. ಇನ್ನೂ ಹಿಂದಕ್ಕೆ ಹೋದರೆ ಕದ್ರಿಯ ಲೋಕೇಶ್ವರನ ಕಂಚಿನ ಮೂರ್ತಿ. ಅದರ ಪೀಠದ ಶಾಸನ ಆಳುಪರ ಕುಂದವರ್ಮನದು, ಕ್ರಿ.ಶ. 968.

ಇಷ್ಟು ಕಾಲ ನಡೆದ ಬಂದರಿಗೆ ಪೆಟ್ಟು ಬಿದ್ದದ್ದು ಯುದ್ಧದಿಂದ ಅಲ್ಲ. 1974ರ ಮೇ 4ರಂದು ಪಣಂಬೂರಿನ ನವಮಂಗಳೂರು ಬಂದರು ದೇಶದ ಒಂಬತ್ತನೇ ದೊಡ್ಡ ಬಂದರು ಎಂದು ಘೋಷಣೆಯಾಯಿತು. ದೊಡ್ಡ ಹಡಗು ಅಲ್ಲಿಗೆ ಹೋಯಿತು. ಇಲ್ಲಿ ಉಳಿದದ್ದು ಮೀನಿನ ಬೋಟು, ಲಕ್ಷದ್ವೀಪಕ್ಕೆ ಸಾಮಾನು ಒಯ್ಯುವ ಮಂಜಿ, ಬೆಂಗ್ರೆಗೆ ದಾಟಿಸುವ ದೋಣಿ, ಮತ್ತು ಈ ಮಂಡಿಗಳು. ಆದಾಯ ಇಳಿದ ಮನೆಯಲ್ಲಿ ಮೊದಲು ನಿಲ್ಲುವ ಖರ್ಚು ಯಾವುದು? ಮಾಡಿನ ಖರ್ಚು.

ಬತ್ತೇರಿಗೆ ಭಯ ಶತ್ರುವಿನದಲ್ಲ

ಬೋಳೂರಿನ ಸುಲ್ತಾನ್ ಬತ್ತೇರಿ ಎಲ್ಲರಿಗೂ ಗೊತ್ತು. ಟಿಪ್ಪು ಸುಲ್ತಾನ್ 1784ರಲ್ಲಿ ಕಟ್ಟಿಸಿದ್ದು. ಅದೇ ವರ್ಷ ಮಾರ್ಚ್‌ನಲ್ಲಿ ಅವನಿಗೂ ಇಂಗ್ಲಿಷರಿಗೂ ಈ ಊರಿನಲ್ಲೇ ಒಪ್ಪಂದ ಆಯಿತು. ಗುರುಪುರ ಹೊಳೆಗೆ ಹಗೆಯ ಹಡಗು ನುಗ್ಗಬಾರದು ಎಂದು ಕರಿಕಲ್ಲಿನ ಕಾವಲು ಬುರುಜು, ತೋಪಿನ ಬಾಯಿಗೆ ಕಂಡಿಗಳು, ಅಡಿಯಲ್ಲಿ ಮದ್ದಿನ ಕೋಣೆ.

ಕರಿಕಲ್ಲು ಗಟ್ಟಿ. ಮಳೆಗೆ ಹೆದರುವುದಿಲ್ಲ. ಹೆದರುವುದು ಮೊಳೆಗೆ, ಕೀಲಿಕೈಗೆ, ನಾಣ್ಯಕ್ಕೆ. ಬಂದವರು ತಮ್ಮ ಹೆಸರು ಕೆತ್ತುವುದು, ಪಕ್ಕದಲ್ಲಿ ಇನ್ನೊಬ್ಬರ ಹೆಸರು, ನಡುವೆ ಬಾಣ ಚುಚ್ಚಿದ ಹೃದಯ. ಯಾವ ಊರಿನ ಕೋಟೆಗೆ ಹೋದರೂ ಈ ಪಿಡುಗು ತಪ್ಪಿದ್ದಲ್ಲ. ಇದನ್ನೂ ಗೋಡೆ ಚಿತ್ರ ಅನ್ನೋಣವಾ? ಬಣ್ಣ ಬರೆದರೆ ಉಜ್ಜಿ ತೆಗೆಯಬಹುದು. ಕಲ್ಲು ಕೆತ್ತಿದರೆ ಹೋಯಿತು, ಮತ್ತೆ ಕೂಡುವುದಿಲ್ಲ.

ಹಸಿ ಗಾರೆಯ ಮೇಲೆ ಇಟಲಿಯ ಕುಂಚ

ಬಾವುಟಗುಡ್ಡೆ ಹತ್ತಿ. 1837ರ ಏಪ್ರಿಲಿನಲ್ಲಿ ಸುಳ್ಯದ ಕಡೆಯಿಂದ ದಂಡು ಬಂದು ಕಂಪೆನಿಯ ಬಾವುಟ ಇಳಿಸಿದ ಜಾಗ ಇದು. ಆ ನೆನಪಿಗೆ ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆಯನ್ನು 2022ರ ನವೆಂಬರಿನಲ್ಲಿ ಇಲ್ಲಿ ನಿಲ್ಲಿಸಿದ್ದಾರೆ. ಅಲ್ಲೇ ಹತ್ತಿರ ಸಂತ ಅಲೋಶಿಯಸ್ ಸಂಸ್ಥೆ. 1880ರ ಕಾಲೇಜು, 2024ರಲ್ಲಿ ವಿಶ್ವವಿದ್ಯಾಲಯದ ಮಾನ್ಯತೆ ಪಡೆಯಿತು. ಅದರ ಚಾಪೆಲ್ ಒಳಗೆ ಹೋದವರು ಕುತ್ತಿಗೆ ನೋಯುವವರೆಗೂ ಮೇಲೆ ನೋಡುತ್ತಾರೆ.

ಗೋಡೆ, ಕಮಾನು, ಮೇಲ್ಚಾವಣಿ ಎಲ್ಲ ಕಡೆ ಚಿತ್ರ. ಬರೆದವರು ಇಟಲಿಯ ಬೆರ್ಗಾಮೊ ಪಕ್ಕದ ಊರಿನ ಅಂತೋನಿಯೊ ಮೊಸ್ಕೇನಿ ಎಂಬ ಜೆಸ್ವಿತ್ ಬ್ರದರ್. 1899ರಿಂದ 1901ರವರೆಗೆ ಅಟ್ಟ ಕಟ್ಟಿಕೊಂಡು ಕೆಲಸ ಮಾಡಿದರು. ಆಮೇಲೆ ಕೊಚ್ಚಿಗೆ ಕರೆ ಬಂತು. ಅಲ್ಲಿಯ ಸಾಂತಾ ಕ್ರೂಜ್ ಇಗರ್ಜಿಗೆ ಚಿತ್ರ ಬರೆಯುತ್ತಿದ್ದಾಗಲೇ, 1905ರ ನವೆಂಬರಿನಲ್ಲಿ ತೀರಿಕೊಂಡರು.

ಇದು ಬೀದಿಯ ಚಿತ್ರ ಅಲ್ಲ ನಿಜ. ಆದರೆ ಬೀದಿಯ ಗೋಡೆಗೆ ಬಣ್ಣ ಬಳಿಯುವವರು ಇಲ್ಲಿ ಬಂದು ಒಂದು ವಿಷಯ ಕಲಿಯಬೇಕು. ಗೋಡೆಯ ಚಿತ್ರ ಸುಣ್ಣದ ಗಾರೆ ಹಸಿ ಇರುವಾಗಲೇ ಬರೆದದ್ದು. ಗಾರೆ ಒಣಗುತ್ತಾ ಗಾಳಿ ಕುಡಿದು ಮತ್ತೆ ಸುಣ್ಣದ ಕಲ್ಲಾಗುತ್ತದೆ. ಬಣ್ಣ ಆ ಕಲ್ಲಿನ ಒಳಗೇ ಸಿಕ್ಕಿಬೀಳುತ್ತದೆ. ಮೇಲೆ ಅಂಟಿಕೊಂಡ ಬಣ್ಣ ಅಲ್ಲ, ಗೋಡೆಯೇ ಆದ ಬಣ್ಣ. ಅದಕ್ಕೇ ನೂರು ವರ್ಷ ದಾಟಿದೆ.

ಆದರೂ ಪೂರ್ತಿ ಬಚಾವಾಗಲಿಲ್ಲ. ಕರಾವಳಿಯ ತೇವ ಸುಮ್ಮನೆ ಬಿಡುತ್ತದಾ? 1990ರ ದಶಕದ ಆರಂಭದಲ್ಲಿ ಪರಂಪರೆ ಸಂರಕ್ಷಣೆಯ ಇಂಟ್ಯಾಕ್ ಸಂಸ್ಥೆಯ ತಜ್ಞರು ಬಂದು ವರ್ಷಗಟ್ಟಲೆ ಕೂತು ಚಿತ್ರಗಳನ್ನು ದುರಸ್ತಿ ಮಾಡಬೇಕಾಯಿತು. ಅಂದರೆ ಲೆಕ್ಕ ಇಷ್ಟು: ಬರೆಯಲು ಎರಡು ವರ್ಷ, ಉಳಿಸಲು ನೂರು ವರ್ಷ.

ಜೆಪ್ಪುವಿನ ಹಂಚು ಲೋಕ ಸುತ್ತಿತು

ಮಂಗಳೂರಿನ ನಿಜವಾದ ಸ್ಮಾರಕ ಯಾವುದು ಅಂದರೆ ಹಳಬರು ಬೆರಳು ತೋರಿಸುವುದು ಮೇಲಕ್ಕೆ, ಹಂಚಿಗೆ. 1834ರಲ್ಲಿ ಇಲ್ಲಿಗೆ ಬಂದ ಬಾಸೆಲ್ ಮಿಷನ್ನಿನವರು 1865ರಲ್ಲಿ ನೇತ್ರಾವತಿ ದಡದ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿದರು. ಪ್ಲೆಬ್ಸ್ಟ್ ಎಂಬ ಮಿಷನರಿ ಅದರ ಮುಂದಾಳು. ಆವರೆಗೆ ಬಡವರಿಗೆ ಮುಳಿಹುಲ್ಲಿನ ಮಾಡು, ಉಳ್ಳವರಿಗೆ ಕೈಯಿಂದ ಮಾಡಿದ ನಾಡಹಂಚು. ಹೊಳೆಯ ಜೇಡಿಯನ್ನು ಅಚ್ಚಿಗೆ ಒತ್ತಿ ಸುಟ್ಟ ಹೊಸ ಹಂಚಿಗೆ ಅಂಚಿನಲ್ಲಿ ಗಾಡಿ ಉಂಟು. ಒಂದು ಹಂಚಿನ ಗಾಡಿಗೆ ಇನ್ನೊಂದರ ಅಂಚು ಕೂರುತ್ತದೆ. ಗಾಳಿಗೆ ಹಾರುವುದಿಲ್ಲ, ನೀರು ಒಳಗೆ ಬರುವುದಿಲ್ಲ, ಒಡೆದರೆ ಒಂದನ್ನೇ ತೆಗೆದು ಬದಲಿಸಬಹುದು.

ನೋಡನೋಡುತ್ತ ಎರಡೂ ಹೊಳೆಗಳ ದಡದಲ್ಲಿ ಕಾರ್ಖಾನೆಗಳ ಚಿಮಣಿ ಎದ್ದವು. ಮಂಗಳೂರು ಹಂಚು ಇದೇ ಬಂದರಿನಿಂದ ಸಿಲೋನು, ಬರ್ಮಾ, ಆಫ್ರಿಕಾದ ದಡಕ್ಕೆ ಹೋಯಿತು. ಹಂಚಿನ ಬೆನ್ನಿಗೆ ಕಾರ್ಖಾನೆಯ ಹೆಸರು, ಇಸವಿಯ ಮುದ್ರೆ. ಆಮೇಲೆ ಕಾಂಕ್ರೀಟು ಬಂತು. ಸೌದೆ ದುಬಾರಿ, ಜೇಡಿಗೆ ತತ್ವಾರ. ಒಂದೊಂದೇ ಕಾರ್ಖಾನೆ ಬಾಗಿಲು ಹಾಕಿತು. ಊರಿನ ಹೆಸರನ್ನು ಲೋಕದ ಮಾಡಿನ ಮೇಲೆ ಬರೆದ ಹಂಚಿಗೆ ಊರಿನಲ್ಲೇ ಜಾಗ ಕಡಿಮೆಯಾಯಿತು.

ಬೋರ್ಡ್ ಬರೆಯುವ ಕೈ, ಹುಲಿ ಬರೆಯುವ ಕೈ

ಬೀದಿಯ ಚಿತ್ರಕಲೆ ಈ ಊರಿಗೆ ಹೊಸತು ಅನ್ನುವವರಿಗೆ ನವರಾತ್ರಿಯ ಮಂಗಳೂರು ಗೊತ್ತಿಲ್ಲ. ಬೇರೆ ಊರಿನವರು ಗೋಡೆಗೆ ಬಣ್ಣ ಬಳಿದರೆ ಇಲ್ಲಿ ಮನುಷ್ಯನ ಮೈಗೇ ಬಳಿಯುತ್ತಾರೆ. ರಾತ್ರಿಯಿಡೀ ಕೈಕಾಲು ಅಗಲಿಸಿ ನಿಂತು ಪಟ್ಟೆ ಹುಲಿ, ಚಿಟ್ಟೆ ಹುಲಿ ಆಗುವವರ ಪಾಡು ನೋಡಿದವರಿಗೇ ಗೊತ್ತು. ಬೆಳಗಾದರೆ ತಾಸೆಯ ಪೆಟ್ಟಿಗೆ ಆ ಚಿತ್ರ ಕುಣಿಯುತ್ತದೆ. ಅಂಗಡಿ ಬೋರ್ಡು, ಬಸ್ಸಿನ ಹೆಸರು ಬರೆಯುವ ಕೈಗಳು ಹುಲಿಯ ಪಟ್ಟೆಯನ್ನೂ ಎಳೆದದ್ದುಂಟು.

ಆ ಕೈಗಳಿಗೆ ಕೆಲಸ ತಪ್ಪಿಸಿದ್ದು ಫ್ಲೆಕ್ಸು. ಗಂಟೆಯೊಳಗೆ ಅಚ್ಚಾಗಿ ಬರುವ ಬೋರ್ಡು ಇರುವಾಗ ಎರಡು ದಿನ ಏಣಿ ಹತ್ತಿ ಬರೆಯುವವನಿಗೆ ಯಾರು ಕಾಯುತ್ತಾರೆ? 2016ರ ಮಾರ್ಚಿನಲ್ಲಿ ಸರಕಾರ ಪ್ಲಾಸ್ಟಿಕ್ ಜೊತೆಗೆ ಫ್ಲೆಕ್ಸನ್ನೂ ನಿಷೇಧಿಸಿತು. ನಿಷೇಧ ಕಾಗದದಲ್ಲಿ ಬಂತು, ಫ್ಲೆಕ್ಸು ವೃತ್ತದಲ್ಲಿ ಉಳಿಯಿತು. ತೆರೆದ ಸ್ಥಳಗಳನ್ನು ವಿರೂಪಗೊಳಿಸಬಾರದು ಎಂಬ ಕಾಯಿದೆ 1981ರಿಂದಲೇ ಉಂಟು. ಅಪ್ಪಣೆ ಇಲ್ಲದೆ ಗೋಡೆಗೆ ಜಾಹೀರಾತು ಅಂಟಿಸಿದರೆ ಜೈಲು, ಜುಲ್ಮಾನೆ ಎರಡಕ್ಕೂ ಅವಕಾಶ ಇದೆ. ಭಿತ್ತಿಪತ್ರ ಅಂಟಿಸುವವರು ಅದನ್ನು ಓದಿಲ್ಲ.

ಗೋಡೆಗೆ ಬಣ್ಣ ಬಂದದ್ದು ಈ ಹಿನ್ನೆಲೆಯಲ್ಲಿ. 2015ರಲ್ಲಿ ರಾಮಕೃಷ್ಣ ಮಿಷನ್ ಸ್ವಚ್ಛ ಮಂಗಳೂರು ಅಭಿಯಾನ ಶುರು ಮಾಡಿತು. ಭಾನುವಾರ ಬೆಳಗ್ಗೆ ಸ್ವಯಂಸೇವಕರು ಪೊರಕೆ, ಕತ್ತಿ ಹಿಡಿದು ಬಂದು ಹಳೆಯ ಪೋಸ್ಟರು ಕೆರೆದು ಚಿತ್ರ ಬರೆಸಿದರು. ಚಿತ್ರ ಇದ್ದ ಗೋಡೆಗೆ ಪೋಸ್ಟರು ಅಂಟಿಸಲು, ಪಾನ್ ಉಗುಳಲು ಕೈಬಾಯಿ ಸ್ವಲ್ಪ ಹಿಂಜರಿಯುತ್ತದೆ. ಅದು ನಿಜ. 2016ರಲ್ಲಿ ಊರು ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿದ ಮೇಲೆ ಊರನ್ನು ಅಂದ ಮಾಡುವ ಮಾತು ಇನ್ನಷ್ಟು ಜೋರಾಯಿತು.

ಆದರೆ ಎರಡು ಮಳೆಗಾಲ ಕಳೆಯಲಿ. ಯಕ್ಷಗಾನದ ಮುಖದ ಅರ್ಧ ಭಾಗ ಹಪ್ಪಳದಂತೆ ಏಳುತ್ತದೆ. ಪೈಂಟರ್ ಮೋಸ ಮಾಡಿದ ಎಂದು ಬೈಯುವುದು ಸುಲಭ. ಮೋಸ ಮಾಡಿದ್ದು ನೀರು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರು ಮಳೆ ಸುರಿಯುವ ಊರು ಇದು. ಇಲ್ಲಿಯ ಹಳೆಯ ಗೋಡೆ ಮುರಕಲ್ಲಿನದು. ಮುರಕಲ್ಲಿನ ಮೈತುಂಬ ತೂತು. ನೀರು ಕುಡಿಯುತ್ತದೆ, ಬಿಸಿಲು ಬಂದಾಗ ಬಿಡುತ್ತದೆ. ಹಿಂದಿನವರು ಅದರ ಮೇಲೆ ಸುಣ್ಣದ ಗಾರೆ ಹಾಕಿದ್ದು ಇದೇ ಕಾರಣಕ್ಕೆ. ಸುಣ್ಣ ಉಸಿರಾಡುತ್ತದೆ. ನಾವು ಅದರ ಮೇಲೆ ಸಿಮೆಂಟು ಮೆತ್ತಿ, ಎನಾಮೆಲ್ ಬಳಿದು ಉಸಿರು ಕಟ್ಟಿಸುತ್ತೇವೆ. ಒಳಗಿನ ತೇವಕ್ಕೆ ದಾರಿ ಇಲ್ಲ. ಗೋಡೆಯಲ್ಲಿ ಸೇರಿದ ಉಪ್ಪು ಒಣಗಿ ಹರಳುಗಟ್ಟಿ ಬಣ್ಣವನ್ನು ಒಳಗಿನಿಂದ ದೂಡುತ್ತದೆ. ಬಣ್ಣ ಹೋದರೆ ಹೋಗಲಿ, ಜೊತೆಗೆ ಕಲ್ಲಿನ ಮೈಯೂ ಪುಡಿಯಾಗಿ ಬೀಳುತ್ತದೆ. ಅಂದ ಮಾಡಲು ಹೋಗಿ ಗೋಡೆಯ ಆಯುಷ್ಯ ಕಡಿಮೆ ಮಾಡಿದ ಹಾಗಾಯಿತು.

ಇನ್ನು ಮಾಡಿನ ಹಂಚು ಜಾರಿ ನೀರು ಗೋಡೆಯ ತಲೆಯಿಂದಲೇ ಇಳಿಯುತ್ತಿದ್ದರೆ, ಮೊಸ್ಕೇನಿಯೇ ಎದ್ದು ಬಂದು ಬರೆದರೂ ಉಳಿಯುವುದಿಲ್ಲ.

ಪಿನಾಂಗಿನ ಸೈಕಲ್ಲು

"ಬಣ್ಣ ಬಂದರೆ ಗಿರಾಕಿ ಬರ್ತಾರಾ ಮಾರಾಯ್ರೆ?" ಅಂಗಡಿಯವರ ಪ್ರಶ್ನೆ ಇಷ್ಟೇ. ಅದಕ್ಕೆ ಉತ್ತರ ಇನ್ನೊಂದು ಹಳೆಯ ಬಂದರಿನಲ್ಲಿ ಉಂಟು. ಮಲೇಷ್ಯಾದ ಪಿನಾಂಗ್ ದ್ವೀಪದ ಜಾರ್ಜ್‌ಟೌನ್. ಅಲ್ಲಿಯೂ ಹಂಚಿನ ಮಾಡಿನ ಅಂಗಡಿ ಸಾಲು, ಕೆಳಗೆ ವ್ಯಾಪಾರ, ಮೇಲೆ ಸಂಸಾರ. ಮಸೀದಿ, ಇಗರ್ಜಿ, ಚೀನೀಯರ ಗುಡಿ, ನಮ್ಮ ಮಾರಿಯಮ್ಮನ ಗುಡಿ ಎಲ್ಲ ಕೂಗಳತೆಯಲ್ಲಿ. 2008ರಲ್ಲಿ ಯುನೆಸ್ಕೋ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. 2012ರಲ್ಲಿ ಲಿಥುವೇನಿಯಾದ ಎರ್ನೆಸ್ಟ್ ಜಖಾರೆವಿಚ್ ಎಂಬ ಯುವಕ ಹಳೆಯ ಗೋಡೆಯೊಂದರಲ್ಲಿ ಇಬ್ಬರು ಮಕ್ಕಳ ಚಿತ್ರ ಬರೆದು, ಅವರ ಅಡಿಗೆ ನಿಜವಾದ ಸೈಕಲ್ ನಿಲ್ಲಿಸಿದ. ಅಷ್ಟೇ. ಜನ ಸಾಲುಗಟ್ಟಿದರು. ಆ ಸೈಕಲ್ಲಿನ ಹಿಂದೆ ಕೈ ಹಿಡಿದು ನಿಂತು ಫೋಟೋ ತೆಗೆಸಿಕೊಳ್ಳದೆ ಊರು ಬಿಡುವ ಪ್ರವಾಸಿ ಕಡಿಮೆ.

ಗಿರಾಕಿ ಬಂದರು, ಹೌದು. ಆದರೆ ಯಾರ ಅಂಗಡಿಗೆ? ಅಲ್ಲಿ ಹಳೆಯ ಬಾಡಿಗೆಯ ಹಿಡಿತ 2000ದ ಹೊತ್ತಿಗೇ ತಪ್ಪಿತ್ತು. ಬಾಡಿಗೆ ಏರಿತು. ತಲೆತಲಾಂತರದಿಂದ ಕೂತಿದ್ದ ಸಣ್ಣ ವ್ಯಾಪಾರಿಗಳು, ಕಸುಬಿನವರು ಗಂಟು ಕಟ್ಟಿದರು. ಅವರ ಜಾಗಕ್ಕೆ ಹೋಟೆಲು, ಕಾಫಿ ಅಂಗಡಿ, ನೆನಪಿನ ಕಾಣಿಕೆ ಮಾರುವವರು ಬಂದರು. ಗೋಡೆ ಉಳಿಯಿತು, ಗೋಡೆಯ ಹಿಂದಿದ್ದವರು ಬದಲಾದರು.

ಇದು ಬಂದರಿನ ಅಂಗಡಿಯವರು ತಿಳಿದಿರಬೇಕಾದ ಮಾತು. ಕರ್ನಾಟಕದಲ್ಲಿಯೂ 2001ರ ಕೊನೆಯಲ್ಲಿ ಹೊಸ ಬಾಡಿಗೆ ಕಾಯಿದೆ ಜಾರಿಗೆ ಬಂತು. 14 ಚದರ ಮೀಟರಿಗಿಂತ ದೊಡ್ಡ ವ್ಯಾಪಾರದ ಜಾಗ ಅದರ ರಕ್ಷಣೆಯಿಂದ ಹೊರಗೆ. ಸಣ್ಣ ಗೂಡಂಗಡಿಗೆ ಕೊಡೆ ಉಂಟು, ಮಂಡಿಗೆ ಇಲ್ಲ. ಹಾಗಾಗಿ ಬಂದರಿಗೆ ಹೊಸ ಮೆರುಗು ತರುವವರು ಬಣ್ಣದ ಡಬ್ಬಿ ಬಿಚ್ಚುವ ಮೊದಲು ಅಲ್ಲಿ ಕೂತವರ ಜೊತೆ ಮಾತಾಡಬೇಕು. ಕೊಬ್ಬರಿಯ ವಾಸನೆ ಹೋದ ಬಂದರಿಗೆ ಕೊಬ್ಬರಿಯ ಚಿತ್ರ ಬರೆದು ಏನು ಉಪಯೋಗ?

ರಿಬ್ಬನ್ ಇಲ್ಲದ ಕೆಲಸ

ಹಾಗಾದರೆ ಆಗಬೇಕಾದ್ದೇನು? ದೊಡ್ಡ ಯೋಜನೆ ಬೇಡ. ಹಿಂದಿನವರು ಪ್ರತಿ ವರ್ಷ ಮೇ ತಿಂಗಳಲ್ಲಿ ಮಾಡುತ್ತಿದ್ದ ಕೆಲಸ ಸಾಕು. ಮಾಡಿನ ಹಂಚು ಇಳಿಸಿ ಪಾಚಿ ಉಜ್ಜುವುದು. ಒಡೆದದ್ದು ಬದಲಿಸುವುದು. ಪಕ್ಕಾಸು, ರೀಪಿಗೆ ಗೆದ್ದಲು ಹತ್ತದ ಹಾಗೆ ಗೇರೆಣ್ಣೆ ಬಳಿಯುವುದು. ದಂಬೆಯ ಕಸ ತೆಗೆದು ನೀರು ಗೋಡೆಗೆ ತಾಗದ ಹಾಗೆ ಇಳಿಸುವುದು. ಗೋಡೆಯ ಗಿಡವನ್ನು ಬೇರು ಸಮೇತ, ಸಣ್ಣದಿರುವಾಗಲೇ ಕೀಳುವುದು.

ಈ ಕೆಲಸಕ್ಕೆ ಉದ್ಘಾಟನೆ ಇಲ್ಲ. ರಿಬ್ಬನ್ ಇಲ್ಲ. ಮಂತ್ರಿಗಳು ಏಣಿ ಹತ್ತಿ ಹಂಚು ಹೊದಿಸಿದ ಫೋಟೋ ಯಾವ ಪತ್ರಿಕೆಯಲ್ಲೂ ಬಂದದ್ದಿಲ್ಲ. ಗೋಡೆ ಚಿತ್ರಕ್ಕೆ ಪ್ರಾಯೋಜಕರು ಸಿಗುತ್ತಾರೆ, ಮೂಲೆಯಲ್ಲಿ ಅವರ ಹೆಸರು ಬರೆಯಬಹುದು. ಹಂಚಿನ ಮೇಲೆ ಹೆಸರು ಬರೆದರೆ ಕಾಗೆ ಮಾತ್ರ ಓದುತ್ತದೆ. ಬಣ್ಣಕ್ಕೆ ದುಡ್ಡು ಉಂಟು, ಹಂಚಿಗೆ ಇಲ್ಲ ಎಂಬುದರ ಗುಟ್ಟು ಇಷ್ಟೇ.

ಮಾಲಿಕರನ್ನು ಮಾತ್ರ ದೂರಿ ಪ್ರಯೋಜನ ಇಲ್ಲ. ಒಂದು ಕಟ್ಟಡಕ್ಕೆ ಹತ್ತು ಪಾಲುದಾರರು, ಅದರಲ್ಲಿ ನಾಲ್ಕು ಜನ ಬೊಂಬಾಯಿ, ಇಬ್ಬರು ದುಬೈ. ಬಾಡಿಗೆ ಬರುವುದು ಚಿಲ್ಲರೆ. ರಿಪೇರಿಗೆ ಬಾಡಿಗೆದಾರನನ್ನು ಕೇಳಿದರೆ "ಮಾಲಿಕರು ಮಾಡಲಿ", ಮಾಲಿಕರನ್ನು ಕೇಳಿದರೆ "ಬಿದ್ದರೆ ಬೀಳಲಿ, ಜಾಗಕ್ಕೆ ರೇಟು ಉಂಟು". ಇಬ್ಬರ ನಡುವೆ ಮಾಡು ಸೋರುತ್ತದೆ. ರಾಜ್ಯದ ಪ್ರಾಚೀನ ಸ್ಮಾರಕಗಳ ಕಾಯಿದೆ 1961ರದ್ದು. ಅದರ ರಕ್ಷಣೆ ತಾನಾಗಿ ಬರುವುದಿಲ್ಲ, ಸರಕಾರ ಅಧಿಸೂಚನೆ ಹೊರಡಿಸಬೇಕು. ಕೋಟೆಗೆ, ಗುಡಿಗೆ ಹೊರಡಿಸುತ್ತಾರೆ. ಮೆಣಸಿನ ಮಂಡಿಗೆ ಯಾರು ಹೊರಡಿಸುತ್ತಾರೆ?

ಆದರೂ ದಾರಿ ಇಲ್ಲದೆ ಇಲ್ಲ. ಗೋಡೆ ಚಿತ್ರಕ್ಕೆ ದುಡ್ಡು ಹಾಕುವವರು, ಅದು ಪಾಲಿಕೆ ಇರಲಿ, ಬ್ಯಾಂಕು ಇರಲಿ, ಸಂಘ ಇರಲಿ, ಒಂದು ನಿಯಮ ಮಾಡಿಕೊಳ್ಳಲಿ: ಮೊದಲು ಮಾಡು, ಆಮೇಲೆ ಗೋಡೆ. ಮುರಕಲ್ಲಿನ ಹಳೆಯ ಗೋಡೆಗೆ ಎನಾಮೆಲ್ ಮುಟ್ಟಿಸುವುದು ಬೇಡ, ಸುಣ್ಣ ಬಳಿಯಲಿ. ಚಿತ್ರ ಬರೆಯಲು ಸಿಮೆಂಟಿನ ಗೋಡೆ ಊರಿನಲ್ಲಿ ಬೇಕಾದಷ್ಟು ಉಂಟು. ಹಳೆಯ ಅಂಗಡಿಗೆ ಅಂದ ಬೇಕಿದ್ದರೆ ಬೋರ್ಡ್ ಬರೆಯುವ ಪೈಂಟರ್‌ನನ್ನೇ ಕರೆದು ಕನ್ನಡದ ದುಂಡಕ್ಷರದಲ್ಲಿ ಹೆಸರು ಬರೆಸಲಿ. ಬೀದಿಗೆ ಅದಕ್ಕಿಂತ ದೊಡ್ಡ ಚಿತ್ರ ಬೇಡ.

ನಾಳೆ ಸಂಜೆ ಸ್ಟೇಟ್‌ಬ್ಯಾಂಕಿನಲ್ಲಿ ಬಸ್ಸಿಗೆ ಕಾಯುವಾಗ ಹತ್ತು ನಿಮಿಷ ಸಿಕ್ಕಿದರೆ ಬಂದರಿನ ಕಡೆ ಒಂದು ಸುತ್ತು ಹೋಗಿ ಬನ್ನಿ. ಕೈಗಾಡಿಗೆ ದಾರಿ ಬಿಟ್ಟು ಬದಿಯಲ್ಲಿ ನಿಂತು ಮೇಲೆ ನೋಡಿ. ಹಂಚು ಎಣಿಸಲು ಬಂದರೆ ಇನ್ನೂ ಊರು ಉಂಟು ಅಂತ ಲೆಕ್ಕ. ಆಕಾಶವೇ ಕಂಡರೆ, ಬರುವ ಮಳೆಗಾಲಕ್ಕೆ ಅಲ್ಲಿ ಉಳಿಯುವುದು ಗೋಡೆಯ ಮೇಲಿನ ಚಿತ್ರವೂ ಅಲ್ಲ, ಗೋಡೆಯೂ ಅಲ್ಲ.